ಕರೆಂಟು ತೆಗೆಯುವವರು ಯಾರು?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಲೇಖಕರು 2004ರ ಎಸ್‌ಎಸ್‌ಎಲ್‌ಸಿ ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. "ಇಂಗ್ಲೆಂಡಿನಲ್ಲಿ ಏನು ಕೆಲಸ ಮಾಡಿದೆ ಅಂತ ಹೇಳಪ್ಪ, ಮಕ್ಕಳಿಗೆ ಸ್ಫೂರ್ತಿ ಬರಲಿ" ಎಂದು ಸಮಿತಿಯವರು ಹೇಳಿದರು. ಸ್ಫೂರ್ತಿ ಬರುವ ಹಾಗೆ ಮಾತಾಡುವುದು ನನಗೆ ಬರುವುದಿಲ್ಲ. ಅದಕ್ಕೆ ಬದಲಾಗಿ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಇಪ್ಪತ್ತು ವರ್ಷದ ಹಿಂದಿನದು, ಗುರುಗಳು ಈಗ ಬೆಂಚಿನ ಮೇಲೆ ನಿಲ್ಲಿಸಲಾರರು ಎಂಬ ಧೈರ್ಯ.

2004ರ ಫೆಬ್ರವರಿ. ನಾವು ಹತ್ತನೇ ತರಗತಿ. ಮಳೆ ವರ್ಷದ ಮೇಲೆ ವರ್ಷ ಕೈಕೊಟ್ಟಿದ್ದ ಕಾಲ ಅದು. ಸಂಜೆ ಆರೂವರೆಗೆ ಕರೆಂಟು ಹೋದರೆ ಒಂಬತ್ತರವರೆಗೂ ಸುಳಿವಿಲ್ಲ. ಸೀಮೆಎಣ್ಣೆ ಬುಡ್ಡಿಯ ಮುಂದೆ ಓದಿ ಮಲಗಿದರೆ ಬೆಳಗ್ಗೆ ಮೂಗಿನ ತುಂಬ ಮಸಿ. ಸರಿಯಾಗಿ ಓದುವ ಹೊತ್ತಿಗೇ ಕರೆಂಟು ತೆಗೆಯುವವರು ಯಾರು? ನಮ್ಮ ಕಣ್ಣಿಗೆ ಕಾಣುತ್ತಿದ್ದವರು ಒಬ್ಬರೇ, ನಮ್ಮೂರ ಲೈನ್‌ಮನ್. ಅವರ ಹೆಸರು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ಹೆಗಲಿಗೆ ಹಗ್ಗ, ಸೈಕಲ್ಲಿನ ಕ್ಯಾರಿಯರ್‌ಗೆ ಇಕ್ಕಳ, ಸ್ಪ್ಯಾನರ್ ಇದ್ದ ಚೀಲ. ಒಂದು ಸಂಜೆ ನಾವು ಮೂವರು ಅವರ ಸೈಕಲ್ಲಿನ ಎರಡೂ ಗಾಲಿಯ ವಾಲ್ವ್ ಟ್ಯೂಬ್ ಕಿತ್ತು ಬೇಲಿಗೆ ಎಸೆದೆವು. ಆ ರಾತ್ರಿಯೇ ಕೆರೆ ಏರಿಯ ಆಚೆ ತಂತಿ ಹರಿದು ಬಿದ್ದಿತ್ತಂತೆ. ಅವರು ಸೈಕಲ್ಲು ಬಿಟ್ಟು ಕತ್ತಲಲ್ಲಿ ನಡೆದುಕೊಂಡೇ ಹೋದರು.

ಮರುದಿನ ನಮ್ಮ ವಿಜ್ಞಾನದ ಮೇಷ್ಟ್ರಿಗೆ ವಿಷಯ ಮುಟ್ಟಿತ್ತು. ಹೇಗೆ ಮುಟ್ಟಿತೋ ಇವತ್ತಿಗೂ ಗೊತ್ತಿಲ್ಲ. ಹೊಡೆಯುತ್ತಾರೆ ಎಂದುಕೊಂಡು ಕೈ ಚಾಚಿ ನಿಂತೆವು. ಅವರು ಹೊಡೆಯಲಿಲ್ಲ. "ಕರೆಂಟು ತೆಗೆದವರು ಯಾರು?" ಎಂದರು. "ಲೈನ್‌ಮನ್, ಸಾರ್." "ಅವರಿಗೆ ತೆಗಿ ಅಂದವರು ಯಾರು?" "ಸಬ್‌ಸ್ಟೇಷನ್‌ನವರು." "ಅವರಿಗೆ?" ಅಲ್ಲಿಗೆ ನಮ್ಮ ಉತ್ತರ ಮುಗಿಯಿತು. "ಗೊತ್ತಾದಾಗ ಬಂದು ಹೇಳಿ" ಎಂದು ಪಾಠ ಶುರು ಮಾಡಿದರು.

ಮೇಷ್ಟ್ರು ಇವತ್ತು ಬಂದಿದ್ದಾರೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ನಾನು ಕಂಪ್ಯೂಟರ್ ಸೈನ್ಸ್ ಓದಿದವನು, ಕರೆಂಟಿನ ಎಂಜಿನಿಯರ್ ಅಲ್ಲ. 2017ರಲ್ಲಿ ನಮ್ಮ ಕಂಪನಿ ನನ್ನನ್ನು ಇಂಗ್ಲೆಂಡಿನ ವಾರ್ವಿಕ್ ಎಂಬ ಊರಿಗೆ ಕಳಿಸಿತು. ದೊಡ್ಡ ಕೋಟೆಯೊಂದಿರುವ ಸಣ್ಣ ಊರು. ಬ್ರಿಟನ್ನಿನ ಹೈವೋಲ್ಟೇಜ್ ವಿದ್ಯುತ್ ಜಾಲವನ್ನೂ ದೊಡ್ಡ ಒತ್ತಡದ ಅನಿಲ ಕೊಳವೆಗಳ ಜಾಲವನ್ನೂ ಆಗ ನಡೆಸುತ್ತಿದ್ದ ನ್ಯಾಷನಲ್ ಗ್ರಿಡ್ ಎಂಬ ಸಂಸ್ಥೆಯ ಕಚೇರಿ ಅಲ್ಲಿತ್ತು. 2002ರಲ್ಲಿ ವಿದ್ಯುತ್ತಿನ ಸಂಸ್ಥೆ ಮತ್ತು ಅನಿಲದ ಸಂಸ್ಥೆ ಒಂದಾಗಿ ಎರಡೂ ಒಂದೇ ಸೂರಿನಡಿ ಬಂದಿದ್ದವು. ಕೊಳವೆಗಳಲ್ಲಿ ಅಲ್ಲಲ್ಲಿ ಅಳೆದ ಒತ್ತಡ, ಹರಿವಿನ ಅಂಕಿಗಳನ್ನು ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರಿನ ಒಂದು ಮೂಲೆ ನನ್ನದು. ಹೊರಗುತ್ತಿಗೆಯ ಕೆಲಸ, ದೊಡ್ಡದಾಗಿ ಹೇಳಿಕೊಳ್ಳುವುದೇನಿಲ್ಲ. ಆದರೆ ಜಾಲವನ್ನು ನಡೆಸುವವರ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವ ಅವಕಾಶ ಸಿಕ್ಕಿತು.

ಮೊದಲು ವಿದ್ಯುತ್ತಿನ ವಿಷಯ. ಹಿರಿಯರಿಗೆ ಹಂತಿ ನೆನಪಿರುತ್ತದೆ. ಕಣದ ನಡುವೆ ಮೇಟಿ ನೆಟ್ಟು, ಆರೋ ಎಂಟೋ ಎತ್ತುಗಳನ್ನು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ ತೆನೆಯ ಮೇಲೆ ಸುತ್ತಿಸುವುದು. (ಮಕ್ಕಳಿಗೆ ಗೊತ್ತಿಲ್ಲ, ಈಗ ಕಣವೇ ಟಾರು ರಸ್ತೆಯ ಮೇಲೆ ಬಂದಿದೆ, ಒಕ್ಕುವ ಕೆಲಸ ಬಸ್ಸಿನದು.) ಹಂತಿಯಲ್ಲಿ ಒಂದು ಎತ್ತು ಒಂದು ಸುತ್ತು ಹೆಚ್ಚು ಹಾಕಲು ಆಗುವುದಿಲ್ಲ, ಎಲ್ಲವೂ ಒಟ್ಟಿಗೇ ಸುತ್ತಬೇಕು. ಗ್ರಿಡ್ ಎಂದರೆ ಅದೇ. ದೇಶದ ದೊಡ್ಡ ಜನರೇಟರುಗಳೆಲ್ಲ ಕಣ್ಣಿಗೆ ಕಾಣದ ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳು. ಆ ಸುತ್ತುವಿಕೆಯ ಲೆಕ್ಕವೇ ನೀವು ಪುಸ್ತಕದಲ್ಲಿ ಓದುವ 50 ಹರ್ಟ್ಸ್. ಹುಲ್ಲು ದಪ್ಪ ಹರಡಿದರೆ ಎತ್ತುಗಳ ಹೆಜ್ಜೆ ನಿಧಾನವಾಗುವ ಹಾಗೆ, ಜನ ಹೆಚ್ಚು ಕರೆಂಟು ಎಳೆದರೆ ಆವರ್ತನ 50ಕ್ಕಿಂತ ಕೆಳಗಿಳಿಯುತ್ತದೆ. ಕಡಿಮೆ ಎಳೆದರೆ ಮೇಲೇರುತ್ತದೆ. ಬ್ರಿಟನ್ನಿನಲ್ಲಿ ಮಾಮೂಲಿ ದಿನ 49.8ರಿಂದ 50.2ರ ಒಳಗೆ ಇಟ್ಟುಕೊಳ್ಳುತ್ತಾರೆ.

ಇದರಲ್ಲಿ ಮುಖ್ಯವಾದದ್ದು ಒಂದೇ. ಕರೆಂಟನ್ನು ಕಣಜಕ್ಕೆ ತುಂಬಿಡಲು ಬರುವುದಿಲ್ಲ. ಬ್ಯಾಟರಿ, ಪಂಪ್ ಮಾಡಿ ಮೇಲಿನ ಕೆರೆಗೆ ಏರಿಸಿದ ನೀರು ಇವೆ, ನಿಜ. ಆದರೆ ತಂತಿಯೊಳಗೆ ಏನೂ ಉಳಿದಿರುವುದಿಲ್ಲ. ಈ ಕ್ಷಣ ಎಷ್ಟು ಬೇಕೋ ಅಷ್ಟು ಈ ಕ್ಷಣವೇ ಹುಟ್ಟಬೇಕು.

ಆದ್ದರಿಂದ ಜಾಲ ನಡೆಸುವವರ ಅರ್ಧ ಕೆಲಸ ಜನರ ಮನಸ್ಸನ್ನು ಊಹಿಸುವುದು. 1990ರ ಜುಲೈ 4ರಂದು ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಪಶ್ಚಿಮ ಜರ್ಮನಿಗೆ ಸೋತಿತು. ಆಟ ಮುಗಿದದ್ದೇ ತಡ, ಲಕ್ಷಾಂತರ ಜನ ಎದ್ದು ಹೋಗಿ ಚಹಾದ ಕೆಟಲ್ ಹಚ್ಚಿದರು. ಒಂದೇ ಏಟಿಗೆ 2,800 ಮೆಗಾವ್ಯಾಟ್ ಬೇಡಿಕೆ ಏರಿತು. ದುಃಖಕ್ಕೆ ಮೆಗಾವ್ಯಾಟಿನಲ್ಲಿ ಲೆಕ್ಕ ಸಿಕ್ಕ ಇನ್ನೊಂದು ಉದಾಹರಣೆ ನನಗೆ ತಿಳಿಯದು. ಇಂಥದ್ದಕ್ಕೆಂದೇ ವೇಲ್ಸ್‌ನ ಡಿನಾರ್ವಿಗ್ ಎಂಬಲ್ಲಿ ಬೆಟ್ಟ ಕೊರೆದು ಅದರ ಹೊಟ್ಟೆಯೊಳಗೆ ಜಲವಿದ್ಯುತ್ ಕೇಂದ್ರ ಕಟ್ಟಿದ್ದಾರೆ. ರಾತ್ರಿ ಅಗ್ಗದ ಕರೆಂಟಿನಲ್ಲಿ ನೀರು ಮೇಲೆತ್ತುವುದು, ಬೇಕಾದಾಗ ಕೆಳಗೆ ಬಿಡುವುದು. ಗಾಳಿಯಲ್ಲಿ ಸುಮ್ಮನೆ ತಿರುಗುತ್ತ ಸಿದ್ಧವಾಗಿ ನಿಂತ ಟರ್ಬೈನುಗಳು ಸೊನ್ನೆಯಿಂದ 1,320 ಮೆಗಾವ್ಯಾಟಿಗೆ ಹನ್ನೆರಡು ಸೆಕೆಂಡಿನಲ್ಲಿ ಏರಬಲ್ಲವು.

ನಮ್ಮೂರಿನಲ್ಲಿ ಇದು ತಿರುವುಮುರುವು. ಅಲ್ಲಿ ಜನ ಒಟ್ಟಿಗೆ ಎದ್ದರೆ ಕರೆಂಟು ಬರುತ್ತದೆ. ಇಲ್ಲಿ ತ್ರೀ ಫೇಸ್ ಬಂದರೆ ಜನ ಒಟ್ಟಿಗೆ ಏಳುತ್ತಾರೆ. ಈಗ ಏಳುವುದೂ ಬೇಡ, ಎಲ್ಲ ಪಂಪ್‌ಸೆಟ್ಟಿಗೂ ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣ ಹಳ್ಳದ ದಂಡೆಯ ಮೋಟರುಗಳೆಲ್ಲ ಒಂದೇ ಸಲ ಎಳೆಯುತ್ತವೆ. ಮೋಟರು ಹೊರಡುವಾಗ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಟಿಸಿ ಸುಟ್ಟಿತು ಎಂದು ಬೈಯುವಾಗ ಇದನ್ನೂ ಸ್ವಲ್ಪ ನೆನೆಯಬೇಕು. ನಮ್ಮ ಅಪ್ಪನಿಗೆ ಹೇಳಿ ಸೋತಿದ್ದೇನೆ.

ಇನ್ನು ಅನಿಲ. ಇದು ನಮ್ಮ ಸಿಲಿಂಡರಿನ ಗ್ಯಾಸ್ ಅಲ್ಲ, ಮೀಥೇನ್. ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ. ಬ್ರಿಟನ್ನಿನ ಹೆಚ್ಚಿನ ಮನೆಗಳಲ್ಲಿ ಅಡುಗೆಗೂ ಸ್ನಾನದ ನೀರಿಗೂ, ಎಲ್ಲಕ್ಕಿಂತ ಹೆಚ್ಚಾಗಿ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲೂ ಅದೇ ಬೇಕು. ಉತ್ತರ ಸಮುದ್ರದ ತಳದಿಂದ, ನಾರ್ವೆಯಿಂದ ಕೊಳವೆಯಲ್ಲಿ ಬರುತ್ತದೆ. ಇನ್ನೊಂದಷ್ಟು, ದ್ರವವಾಗುವಷ್ಟು ತಣ್ಣಗೆ ಮಾಡಿ ಹಡಗಿನಲ್ಲಿ ಬರುತ್ತದೆ. ಸ್ಕಾಟ್‌ಲೆಂಡಿನ ಸೇಂಟ್ ಫರ್ಗಸ್, ನಾರ್ಫೋಕ್‌ನ ಬ್ಯಾಕ್ಟನ್, ವೇಲ್ಸ್‌ನ ಮಿಲ್ಫರ್ಡ್ ಹೇವನ್ ಮೊದಲಾದ ದಡಗಳಲ್ಲಿ ನೆಲಕ್ಕಿಳಿದು ಸುಮಾರು 7,600 ಕಿಲೋಮೀಟರ್ ಉದ್ದದ ದೊಡ್ಡ ಕೊಳವೆಗಳಲ್ಲಿ ದೇಶವೆಲ್ಲ ಸುತ್ತುತ್ತದೆ. ಕಾರಿನ ಟೈರಿನ ಗಾಳಿ ಎರಡು ಬಾರ್ ಚಿಲ್ಲರೆ. ಈ ಕೊಳವೆಗಳಲ್ಲಿ ಕೆಲವು ಕಡೆ 94 ಬಾರ್ ತನಕ. ಅದೇ ಅನಿಲ ಮನೆಯ ಒಲೆ ಮುಟ್ಟುವ ಹೊತ್ತಿಗೆ ವಾತಾವರಣಕ್ಕಿಂತ ಒಂದು ಬಾರಿನ ಐವತ್ತನೇ ಒಂದು ಭಾಗದಷ್ಟು ಮಾತ್ರ ಹೆಚ್ಚು ಒತ್ತಡದಲ್ಲಿರುತ್ತದೆ. ದಾರಿಯಲ್ಲಿ ಸವೆದ ಒತ್ತಡವನ್ನು ಮತ್ತೆ ಏರಿಸಲು ಅಲ್ಲಲ್ಲಿ ಕಂಪ್ರೆಸರ್ ಕೇಂದ್ರಗಳಿವೆ. ಅವುಗಳಲ್ಲಿ ಎಷ್ಟೋ ವಿಮಾನದ ಎಂಜಿನ್ನಿನ ಜಾತಿಯವು. ಕೊಳವೆಯ ಒಳಗೆ ತೂರಿಸಿ ತುಕ್ಕು, ಬಿರುಕು ಹುಡುಕುವ ಯಂತ್ರಕ್ಕೆ ಅಲ್ಲಿ 'ಪಿಗ್' ಎನ್ನುತ್ತಾರೆ. ನಗಬೇಡಿ ಮಕ್ಕಳೇ, ನಿಜವಾಗಿಯೂ ಹಂದಿ ಎಂದೇ ಹೆಸರು.

ವಿದ್ಯುತ್ತು ದೇಶದ ಈ ತುದಿಯಿಂದ ಆ ತುದಿಗೆ ಕಣ್ಣು ಮಿಟುಕಿಸುವುದರೊಳಗೆ ಮುಟ್ಟುತ್ತದೆ. ಅನಿಲ ಗಂಟೆಗೆ ಸುಮಾರು ನಲವತ್ತು ಕಿಲೋಮೀಟರ್, ನಮ್ಮ ಹಳ್ಳಿಯ ಖಾಸಗಿ ಬಸ್ಸಿನ ವೇಗ. ಸ್ಕಾಟ್‌ಲೆಂಡಿನ ದಡದಲ್ಲಿ ಒಳಗೆ ಹೋದ ಅನಿಲ ಇಂಗ್ಲೆಂಡಿನ ದಕ್ಷಿಣಕ್ಕೆ ಬರಲು ಒಂದು ದಿನದ ಹತ್ತಿರ ಬೇಕು. ಆದರೆ ಇದರಲ್ಲೇ ಒಂದು ಲಾಭವಿದೆ. ಕೊಳವೆಯೇ ಕಣಜ. ಒತ್ತಿ ತುಂಬಿದ ಅನಿಲ ಅದರೊಳಗೇ ದಾಸ್ತಾನು ಇರುತ್ತದೆ. ಒಂದು ಕಂಪ್ರೆಸರ್ ನಿಂತುಹೋದರೆ ತಕ್ಷಣ ಯಾರ ಒಲೆಯೂ ಆರುವುದಿಲ್ಲ. ವಿದ್ಯುತ್ತಿನವರಿಗೆ ಸೆಕೆಂಡುಗಳು, ಅನಿಲದವರಿಗೆ ಗಂಟೆಗಳು. ಬೆಳಗಿನ ಐದರಿಂದ ಮರುದಿನ ಬೆಳಗಿನ ಐದರವರೆಗೆ ಅನಿಲದ ಒಂದು 'ದಿನ'. ಆ ದಿನ ಮುಗಿಯುವುದರೊಳಗೆ ಒಳಬಂದದ್ದು, ಹೊರಹೋದದ್ದು ಹೆಚ್ಚುಕಡಿಮೆ ಸರಿತೂಗಿದರೆ ಸಾಕು.

ಹಾಗಂತ ಅಲ್ಲಿಯವರು ಆರಾಮಾಗಿದ್ದರು ಎಂದುಕೊಳ್ಳಬೇಡಿ. 2018ರ ಮಾರ್ಚ್ 1. ಸೈಬೀರಿಯದ ಕಡೆಯಿಂದ ಶೀತಗಾಳಿ ಬೀಸಿ ಬ್ರಿಟನ್ ಹಿಮದಲ್ಲಿ ಹೂತಿತ್ತು. ನಾನು ಮೊಣಕಾಲುದ್ದ ಹಿಮ ಕಂಡದ್ದು ಅದೇ ಮೊದಲು. ಎಲ್ಲರೂ ಮನೆ ಬೆಚ್ಚಗಿಡಲು ಅನಿಲ ಉರಿಸುತ್ತಿದ್ದಾರೆ, ಅದೇ ಹೊತ್ತಿಗೆ ಚಳಿಗೆ ಕೆಲವು ಕಡೆ ಸರಬರಾಜಿನ ಯಂತ್ರಗಳು ಕೈಕೊಟ್ಟವು. ಆ ಬೆಳಗ್ಗೆ ನ್ಯಾಷನಲ್ ಗ್ರಿಡ್ 'ಅನಿಲ ಕೊರತೆಯ ಎಚ್ಚರಿಕೆ' ಹೊರಡಿಸಿತು. ಅನಿಲದ ಬೆಲೆ ಒಂದೇ ದಿನದಲ್ಲಿ ಹಾರಿತು. ಬೆಲೆ ಏರಿದರೆ ಮಾರುವವರು ಹೆಚ್ಚು ಕೊಡುತ್ತಾರೆ, ಕೊಳ್ಳುವ ದೊಡ್ಡವರು ಕೈ ಬಿಗಿ ಹಿಡಿಯುತ್ತಾರೆ ಎಂಬ ಲೆಕ್ಕ. ಕೆಲವು ಕಾರ್ಖಾನೆಗಳು ಬಳಕೆ ತಗ್ಗಿಸಿದವು, ಕರೆಂಟಿಗಾಗಿ ಕಲ್ಲಿದ್ದಲು ಹೆಚ್ಚು ಉರಿಯಿತು. ಮಾರನೆಯ ದಿನ ಎಚ್ಚರಿಕೆ ಹಿಂತೆಗೆದರು. ಒಂದು ಮನೆಯ ಒಲೆಯೂ ಆ ಎಚ್ಚರಿಕೆಯಿಂದ ಆರಲಿಲ್ಲ.

ಊಟದ ಹೊತ್ತಿನಲ್ಲಿ ಅಲ್ಲಿನ ಹಿರಿಯರೊಬ್ಬರನ್ನು ಕೇಳಿದೆ: "ನಿಜವಾಗಿ ಸಾಲದೇ ಹೋದರೆ ಮೊದಲು ಯಾರಿಗೆ ನಿಲ್ಲಿಸುತ್ತೀರಿ?" ಅವರು ಯೋಚಿಸಲೇ ಇಲ್ಲ: ಮೊದಲು ದೊಡ್ಡ ಕಾರ್ಖಾನೆ, ವಿದ್ಯುತ್ ಕೇಂದ್ರ. ಮನೆಗಳು ಕಟ್ಟಕಡೆಗೆ. ನನಗೆ ಆಶ್ಚರ್ಯವಾಯಿತು, ಎಷ್ಟು ಮಾನವೀಯರಪ್ಪ ಎನ್ನಿಸಿತು. ಅವರು ನಕ್ಕರು. ಮಾನವೀಯತೆ ಇರಬಹುದು, ಆದರೆ ಕಾರಣ ಬೇರೆ. ಮನೆಗಳ ಕೊಳವೆಯಲ್ಲಿ ಒತ್ತಡ ಪೂರ್ತಿ ಇಳಿದರೆ ಉರಿ ಆರುತ್ತದೆ, ಗಾಳಿ ಒಳಗೆ ಸೇರುತ್ತದೆ. ಆಮೇಲೆ ಅನಿಲ ಸುಮ್ಮನೆ ಬಿಡುವಂತಿಲ್ಲ, ಬಿಟ್ಟರೆ ಆರಿದ ಒಲೆಯಿಂದ ಸೋರಿ ಸ್ಫೋಟ. ನುರಿತ ಕೆಲಸಗಾರ ಪ್ರತಿ ಮನೆಯ ಬಾಗಿಲು ಬಡಿದು, ಒಳಗೆ ಹೋಗಿ, ಒಂದೊಂದೇ ಪರೀಕ್ಷಿಸಿ ಹಚ್ಚಬೇಕು. ಒಂದು ಪಟ್ಟಣಕ್ಕೆ ವಾರಗಟ್ಟಲೆ ಹಿಡಿಯಬಹುದು. ಮನೆಗೆ ಅನಿಲ ನಿಲ್ಲಿಸುವುದು ಸುಲಭ, ಮತ್ತೆ ಕೊಡುವುದು ಕಷ್ಟ.

"ಕರೆಂಟಿನಲ್ಲಿ?" ಎಂದೆ. "ಕರೆಂಟಿನಲ್ಲಿ ಮತ್ತೆ ಕೊಡುವುದು ಒಂದು ಸ್ವಿಚ್ಚಿನ ಕೆಲಸ. ಅದಕ್ಕೇ ತೆಗೆಯುವುದಕ್ಕೂ ಯಾರೂ ಅಷ್ಟು ಹಿಂದೆಮುಂದೆ ನೋಡುವುದಿಲ್ಲ" ಎಂದರು. ಇಪ್ಪತ್ತು ವರ್ಷದ ಹಿಂದಿನ ನನ್ನ ಬುಡ್ಡಿದೀಪಕ್ಕೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು. ಉಳಿದರ್ಧ ಸಿಕ್ಕಿದ್ದು ರೈಲಿನಲ್ಲಿ.

2019ರ ಆಗಸ್ಟ್ 9, ಶುಕ್ರವಾರ. ರಜೆ ಹಾಕಿ ಲಂಡನ್ನಿಗೆ ಹೋಗಿದ್ದವನು ಸೇಂಟ್ ಆಲ್ಬನ್ಸ್‌ನಲ್ಲಿರುವ ಧಾರವಾಡದ ಗೆಳೆಯನ ಮನೆಗೆ ಹೊರಟಿದ್ದೆ. ಐದಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ ರೈಲು ಸದ್ದಿಲ್ಲದೆ ನಿಂತಿತು. ಮುಂದಿನದು ಆಮೇಲೆ ವರದಿಗಳಿಂದ ತಿಳಿದದ್ದು. ಮಧ್ಯಾಹ್ನ 4 ಗಂಟೆ 52 ನಿಮಿಷಕ್ಕೆ ಲಂಡನ್ನಿನ ಉತ್ತರಕ್ಕಿರುವ ಹೈವೋಲ್ಟೇಜ್ ಲೈನೊಂದಕ್ಕೆ ಸಿಡಿಲು ಬಡಿಯಿತು. ಸಿಡಿಲು ಹೊಸದಲ್ಲ, ಲೈನು ಕೆಲವೇ ಕ್ಷಣಗಳಲ್ಲಿ ತಾನೇ ಸರಿಯಾಯಿತು. ಆದರೆ ಅದೇ ಹೊತ್ತಿಗೆ ಸಮುದ್ರದ ಮೇಲಿನ ಹಾರ್ನ್‌ಸೀ ಎಂಬ ಹೊಸ ಗಾಳಿ ವಿದ್ಯುತ್ ಕೇಂದ್ರದಿಂದ 737 ಮೆಗಾವ್ಯಾಟ್ ಹೋಯಿತು. ಲಿಟ್ಲ್ ಬಾರ್ಫರ್ಡ್ ಎಂಬ ಅನಿಲ ವಿದ್ಯುತ್ ಕೇಂದ್ರದಲ್ಲಿ ಒಂದು ಯಂತ್ರ ಬಿತ್ತು. ಊರೂರಿನ ಸಣ್ಣ ಉತ್ಪಾದಕರೂ ಕಳಚಿಕೊಂಡರು. ಇದ್ದಕ್ಕಿದ್ದ ಹಾಗೆ ಒಬ್ಬ ಉತ್ಪಾದಕ ಬಿದ್ದರೆ ತುಂಬಿಕೊಳ್ಳಲು ಜಾಲದವರು ಸುಮಾರು 1,000 ಮೆಗಾವ್ಯಾಟ್ ಕೈಯಲ್ಲಿಟ್ಟುಕೊಂಡಿದ್ದರು. ಬಿದ್ದವರು ಒಬ್ಬರಲ್ಲ. ಆವರ್ತನ 49.1ಕ್ಕೆ ಇಳಿದು ಒಂದು ಗಳಿಗೆ ತಡೆದು ನಿಂತಿತು. ಚೇತರಿಸಿಕೊಳ್ಳುತ್ತಿರುವಾಗಲೇ ಲಿಟ್ಲ್ ಬಾರ್ಫರ್ಡಿನ ಇನ್ನೊಂದು ಯಂತ್ರ ಬಿತ್ತು. 48.8.

48.8 ಎಂಬುದು ಲಕ್ಷ್ಮಣರೇಖೆ. ಅಲ್ಲಿ ಯಾರೂ ಯಾರಿಗೂ ಫೋನು ಮಾಡುವುದಿಲ್ಲ. ಸಬ್‌ಸ್ಟೇಷನ್ನುಗಳಲ್ಲಿ ಕೂತಿರುವ ರಿಲೇ ಎಂಬ ಸಣ್ಣ ಪೆಟ್ಟಿಗೆಗಳು ತಮ್ಮಷ್ಟಕ್ಕೆ ತಾವೇ ತಮ್ಮ ಪಾಲಿನ ಫೀಡರುಗಳನ್ನು ಕಳಚುತ್ತವೆ. ಮೊದಲ ಹಂತದಲ್ಲಿ ದೇಶದ ಬೇಡಿಕೆಯ ಶೇಕಡ 5ರಷ್ಟು. ಅದೂ ಸಾಲದಿದ್ದರೆ ಎರಡನೇ ಹಂತ, ಮೂರನೇ ಹಂತ. ಆ ದಿನ ಒಂದೇ ಹಂತ ಸಾಕಾಯಿತು. ಸುಮಾರು 11 ಲಕ್ಷ ಗ್ರಾಹಕರ ಕರೆಂಟು ಹೋಯಿತು. ಐದು ನಿಮಿಷದೊಳಗೆ ಆವರ್ತನ 50ಕ್ಕೆ ಬಂತು, ಮುಕ್ಕಾಲು ಗಂಟೆಯೊಳಗೆ ಎಲ್ಲರಿಗೂ ಕರೆಂಟು ಬಂತು. ಹನ್ನೊಂದು ಲಕ್ಷ ಮನೆಗಳನ್ನು ಬಿಟ್ಟುಕೊಟ್ಟು ಉಳಿದ ಕೋಟಿಗಟ್ಟಲೆ ಜನರ ದೀಪ ಉಳಿಸಿದರು. ಹಾಗೆ ಮಾಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಸಾಕ್ಷಿಯಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಎರಡು ಸಲ ಕುಸಿಯಿತು. ಎರಡನೇ ದಿನ ಪೂರ್ವ, ಈಶಾನ್ಯ ಭಾಗಗಳೂ ಸೇರಿ ಅರ್ಧ ದೇಶ ಕತ್ತಲಾಯಿತು.

ನನ್ನ ರೈಲಿನ ಕಥೆ ಇನ್ನೂ ಮುಗಿದಿಲ್ಲ. ರೈಲಿಗೆ ಕರೆಂಟು ಹೋಗಿರಲೇ ಇಲ್ಲ! ತಂತಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇತ್ತು. ಆದರೆ ಆವರ್ತನ 49ಕ್ಕಿಂತ ಇಳಿದದ್ದನ್ನು ಕಂಡು ರೈಲಿನೊಳಗಿನ ಸಾಫ್ಟ್‌ವೇರ್ 'ಅಪಾಯ' ಎಂದುಕೊಂಡು ಬಾಗಿಲು ಹಾಕಿಕೊಂಡಿತು. ಆ ಮಾದರಿಯ ಕೆಲವು ರೈಲುಗಳನ್ನು ಚಾಲಕರೇ ಮತ್ತೆ ಹೊರಡಿಸಲು ಆಗುತ್ತಿತ್ತು. ಹೊಸ ಸಾಫ್ಟ್‌ವೇರ್ ಹಾಕಿದವಕ್ಕೆ ಮಾತ್ರ ತಂತ್ರಜ್ಞನೊಬ್ಬ ಲ್ಯಾಪ್‌ಟಾಪ್ ಹಿಡಿದು ಬರಬೇಕಿತ್ತು. ನಾನಿದ್ದದ್ದು ಹೊಸ ಸಾಫ್ಟ್‌ವೇರಿನ ರೈಲು. ಜಾಲ ಐದು ನಿಮಿಷದಲ್ಲಿ ಚೇತರಿಸಿಕೊಂಡಿತ್ತು, ನಾವು ಗಂಟೆಗಟ್ಟಲೆ ಕೂತೆವು. ಏಸಿ ಇಲ್ಲ, ನೀರಿಲ್ಲ, ಎದುರಿನ ಸೀಟಿನಲ್ಲಿ ಕೈಗೂಸಿನ ತಾಯಿ. ನನ್ನ ಕಸುಬಿನವರೇ ಯಾರೋ ತಂಪು ಕೋಣೆಯಲ್ಲಿ ಕೂತು 'ಸುರಕ್ಷತೆಗಾಗಿ' ಎಂದು ಬರೆದ ನಾಲ್ಕು ಸಾಲಿನ ಫಲ. ಅದಕ್ಕೂ ಕೆಲವು ತಿಂಗಳ ಹಿಂದೆ ನಾನು ಮಾಡಿದ ಪರದೆಯಲ್ಲಿ ಎಲ್ಲ ಎಚ್ಚರಿಕೆಗಳನ್ನೂ ಕೆಂಪು ಬಣ್ಣದಲ್ಲಿ ಕೂಗಿಸಿದ್ದೆ. ಅದನ್ನು ನೋಡಿದ ಹಿರಿಯರು "ಎಲ್ಲವೂ ಕೆಂಪಾದರೆ ನನಗೆ ಯಾವುದೂ ಕಾಣುವುದಿಲ್ಲ" ಎಂದು ವಾಪಸ್ ಕಳಿಸಿದ್ದರು. ನನಗೆ ಸಿಟ್ಟು ಬಂದಿತ್ತು. ರೈಲಿನಲ್ಲಿ ಕೂತಾಗ ಆ ಸಿಟ್ಟು ಇಳಿಯಿತು.

ಆಮೇಲಿನ ತನಿಖೆಯಲ್ಲಿ ಎರಡು ಉತ್ಪಾದಕ ಕಂಪನಿಗಳು ತಲಾ 45 ಲಕ್ಷ ಪೌಂಡ್ ತೆತ್ತವು. ನನಗೆ ಮುಖ್ಯ ಎನ್ನಿಸಿದ್ದು ಇನ್ನೊಂದು ವಿಷಯ. ಆ ದಿನ ಕರೆಂಟು ಕಳೆದುಕೊಂಡವರಲ್ಲಿ ನ್ಯೂಕ್ಯಾಸಲ್ ವಿಮಾನ ನಿಲ್ದಾಣವೂ ಇತ್ತು. ರಿಲೇಗೆ ವಿಮಾನ ಗೊತ್ತಿಲ್ಲ, ಫೀಡರ್ ಸಂಖ್ಯೆ ಮಾತ್ರ ಗೊತ್ತು. ಯಾವ ಫೀಡರು ಯಾವ ಹಂತದಲ್ಲಿ ಹೋಗಬೇಕು ಎಂಬ ಪಟ್ಟಿಯನ್ನು ಯಾವತ್ತೋ, ಯಾವುದೋ ಕಚೇರಿಯಲ್ಲಿ, ಯಾರೋ ಮಾಡಿಟ್ಟಿರುತ್ತಾರೆ. ಸಿಡಿಲು ಬಡಿದ ಮೇಲೆ ಯೋಚಿಸಲು ಸಮಯವಿಲ್ಲ, ಸರಿ. ಆದರೆ ಪಟ್ಟಿ ಮಾಡುವಾಗ ಸಮಯವಿತ್ತಲ್ಲ? ಪಟ್ಟಿಯನ್ನು ಮತ್ತೆ ನೋಡಬೇಕು ಎಂಬ ಮಾತು ಅಲ್ಲಿನ ವರದಿಗಳಲ್ಲೂ ಬಂತು.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಲೈನ್‌ಮನ್‌ಗೆ ಹೇಳಿದ್ದು ಸಬ್‌ಸ್ಟೇಷನ್. ಅದಕ್ಕೆ ಹೇಳಿದ್ದು ಬೆಂಗಳೂರಿನಲ್ಲಿರುವ ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರ. ಅದರ ಮೇಲೆ ದಕ್ಷಿಣದ ಐದು ರಾಜ್ಯಗಳನ್ನು ನೋಡಿಕೊಳ್ಳುವ ಕೇಂದ್ರ, ಅದೂ ಬೆಂಗಳೂರಿನಲ್ಲೇ. ಅದರ ಮೇಲೆ ದೆಹಲಿಯದು. ಎಲ್ಲರ ಮೇಲೆ ಕೂತಿರುವುದು 50 ಎಂಬ ಒಂದು ಅಂಕಿ. 1990ರ ದಶಕದಲ್ಲಿ ದಕ್ಷಿಣದ ಗ್ರಿಡ್‌ನಲ್ಲಿ ಅದು 48ರ ಆಸುಪಾಸಿಗೆ ಜಾರುವುದು ಮಾಮೂಲಾಗಿತ್ತು. 2003ರ ಜನವರಿಯಿಂದ ಆವರ್ತನಕ್ಕೂ ಕರೆಂಟಿನ ದರಕ್ಕೂ ಗಂಟು ಹಾಕಿದ ಮೇಲೆ ಶಿಸ್ತು ಬಂತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನಿಂದ ದಕ್ಷಿಣದ ಗ್ರಿಡ್ ದೇಶದ ಉಳಿದ ಭಾಗದ ಜೊತೆ ಒಂದೇ ಹಂತಿಗೆ ಬಿತ್ತು. ಇವತ್ತು ಈ ಶಾಮಿಯಾನದ ಫ್ಯಾನಿನ ಆವರ್ತನವೂ ಶ್ರೀನಗರದ ಫ್ಯಾನಿನ ಆವರ್ತನವೂ ಒಂದೇ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೇಶವೆಲ್ಲ ದೀಪ ಆರಿಸಿ ಹಣತೆ ಹಚ್ಚಿತಲ್ಲ, ಆಗ ಬೇಡಿಕೆ ಒಮ್ಮೆಗೆ 31,000 ಮೆಗಾವ್ಯಾಟ್ ಕುಸಿಯಿತು. ನಾನಾಗ ಊರಿನಲ್ಲೇ ಇದ್ದೆ. ಎಲ್ಲರೂ ಹಣತೆ ನೋಡುತ್ತಿದ್ದರೆ ನಾನು ಮೊಬೈಲಿನಲ್ಲಿ ಆವರ್ತನ ನೋಡುತ್ತಿದ್ದೆ. ಅವ್ವ ಬೈದಳು. ಜಲವಿದ್ಯುತ್ ಕೇಂದ್ರಗಳನ್ನು ತಗ್ಗಿಸಿ ಏರಿಸಿ ನಮ್ಮವರು ಅದನ್ನು 49.7 ಮತ್ತು 50.26ರ ನಡುವೆ ಹಿಡಿದು ನಿಲ್ಲಿಸಿದರು. ಫುಟ್‌ಬಾಲ್ ಪಂದ್ಯದ ಕೆಟಲ್ ಅದರ ಮುಂದೆ ಏನೂ ಅಲ್ಲ.

ಅನಿಲವೂ ನಮ್ಮ ಹತ್ತಿರ ಬಂದಿದೆ. ದಾಭೋಳ–ಬೆಂಗಳೂರು ಕೊಳವೆ 2013ರಿಂದ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೊಲಗಳ ಕೆಳಗೆ ಹರಿಯುತ್ತಿದೆ. ಕೊಳವೆಯ ಗುರುತಿಗೆ ನೆಟ್ಟ ಕಂಬಗಳನ್ನು ದಾರಿಯಲ್ಲಿ ನೋಡಿರುತ್ತೀರಿ. ದನ ಕಟ್ಟಲು ಅವನ್ನು ಬಳಸಬೇಡಿ, ಹತ್ತಿರ ಬೋರ್ ಕೊರೆಸುವ ಮೊದಲು ವಿಚಾರಿಸಿ. ಇಷ್ಟು ಸಾಕು.

ಹೋದ ಯುಗಾದಿಗೆ ಊರಿಗೆ ಬಂದಾಗ ನಮ್ಮ ಲೈನ್‌ಮನ್ ಮನೆಗೆ ಹೋದೆ. ನಿವೃತ್ತರಾಗಿದ್ದಾರೆ, ಮಂಡಿನೋವು. ವಾಲ್ವ್ ಟ್ಯೂಬಿನ ವಿಷಯ ಹೇಳಿದೆ. "ನೀನೇನಾ? ನಾನು ಹೈಸ್ಕೂಲ್ ಹುಡುಗರೇ ಅಂತ ಅಂದುಕೊಂಡಿದ್ದೆ, ಯಾರು ಅಂತ ಗೊತ್ತಿರಲಿಲ್ಲ" ಎಂದರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಕಾಫಿ ತರಿಸಿದರು. ಬ್ರಿಟನ್ನಿನ ಕಥೆಯನ್ನೆಲ್ಲ ಕೇಳಿಸಿಕೊಂಡು "ಸ್ಟೇಷನ್ನಿಂದ ಹೇಳೋರು, ಅವರಿಗೆ ಮೇಲಿಂದ. ಮೇಲೆ ಅಂದ್ರೆ ಯಾರು ಅಂತ ಸರ್ವೀಸು ಮುಗಿಯೋವರೆಗೂ ನಾನು ಕೇಳಲಿಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಪಟ್ಟೀಲಿ ನಮ್ಮೂರು ಎಷ್ಟನೇದು?" ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಅವರ ಬಳಿ ಒಂದು ಮಾಹಿತಿ ಇತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಕುಡಿಯುವ ನೀರಿನ ಪಂಪು, ಈ ಶಾಲೆ, ಮೂರೂ ಒಂದೇ ಫೀಡರಿನಲ್ಲಿವೆ, ಸಾಲು ಪಂಪ್‌ಸೆಟ್ಟುಗಳ ಜೊತೆ. ಫೀಡರು ತೆಗೆದರೆ ಎಲ್ಲ ಒಟ್ಟಿಗೆ ಹೋಗುತ್ತವೆ. ಹೋದ ಬೇಸಿಗೆಯಲ್ಲಿ ಮೂರು ದಿನ ಮಧ್ಯಾಹ್ನ ಕರೆಂಟು ಹೋಗಿ ಸಿಸ್ಟರ್ ಮಕ್ಕಳ ಲಸಿಕೆಯನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಪಕ್ಕದ ಊರಿಗೆ ಓಡಿದ್ದು ನಿಮಗೆ ನೆನಪಿರಬಹುದು. ಎಲ್ಲರಿಗೂ ಯಾವಾಗಲೂ ಕರೆಂಟು ಕೊಡಿ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಕೊಡಲೂ ಆಗುವುದಿಲ್ಲ, ಅದನ್ನು ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ಆದರೆ ಆರೋಗ್ಯ ಕೇಂದ್ರವನ್ನು, ನೀರಿನ ಪಂಪನ್ನು ಬೇರೆ ಫೀಡರಿಗೆ ಸೇರಿಸಿ, ಪಟ್ಟಿಯಲ್ಲಿ ಕೊನೆಗೆ ಹಾಕಿ, ಮಾರ್ಚ್–ಏಪ್ರಿಲ್‌ನಲ್ಲಿ ಸಂಜೆಯ ಹೊತ್ತು ಹತ್ತನೇ ತರಗತಿಯ ಮಕ್ಕಳನ್ನು ನೆನೆಯಿರಿ ಎಂದು ಕೇಳಬಹುದು. ತಂತಿ ಎಳೆಯಬೇಕಾದ್ದು ಎರಡು ಕಿಲೋಮೀಟರಿಗಿಂತ ಕಡಿಮೆ ಎಂದು ಲೈನ್‌ಮನ್ ಲೆಕ್ಕ ಹಾಕಿದ್ದಾರೆ, ಕಂಬಗಳನ್ನೂ ಎಣಿಸಿದ್ದಾರೆ.

ಉಪವಿಭಾಗ ಕಚೇರಿಗೆ ಕೊಡಲು ಅರ್ಜಿ ಬರೆದು ತಂದಿದ್ದೇನೆ. ಭಾಷೆಯನ್ನು ಕನ್ನಡ ಮೇಡಂ ತಿದ್ದಿಕೊಟ್ಟಿದ್ದಾರೆ, ಇವತ್ತಿಗೂ ನನ್ನ ಒತ್ತಕ್ಷರ ಸರಿಯಿಲ್ಲವಂತೆ. ಊಟದ ಪಂಕ್ತಿಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ, ಪೆನ್ನೂ ಇದೆ. ಮೊದಲನೇ ಸಹಿ ಆಗಲೇ ಬಿದ್ದಿದೆ, ಲೈನ್‌ಮನ್ ಅವರದು. ಎರಡನೆಯದು ನನ್ನದು. ಮೂರನೆಯ ಸಾಲನ್ನು ಮೇಷ್ಟ್ರಿಗೆ ಬಿಟ್ಟಿದ್ದೇನೆ. ನಾಲ್ಕರಿಂದ ನೀವು ಹಾಕಿ, ಪಾಯಸ ಆರುವುದರೊಳಗೆ.